ರೆಡ್ ಡೆಸರ್ಟ್‌ನಲ್ಲಿ ಪ್ರಾಂಗ್‌ಹಾರ್ನ್ ಬೇಟೆ: ಒಬ್ಬ ನೋಡುವವ, ಒಬ್ಬ ತೆವಳುವವ

ಅಮೆರಿಕದ ವಯೋಮಿಂಗ್ ರಾಜ್ಯದ ರೆಡ್ ಡೆಸರ್ಟ್‌ ಬಯಲಿನಲ್ಲಿ, ನೋಡಲು ಜಿಂಕೆಯಂತಿರುವ ಪ್ರಾಂಗ್‌ಹಾರ್ನ್ ಹುಡುಕುವುದು ಕಷ್ಟವಲ್ಲ. ಅದರ ಬಿಳಿ ಹಿಂಭಾಗ ಮೈಲಿ ದೂರದಿಂದಲೇ ಹೊಳೆಯುತ್ತದೆ. ತೊಂದರೆಯೆಂದರೆ ಅದಕ್ಕೂ ನಾವು ಅಷ್ಟೇ ಚೆನ್ನಾಗಿ ಕಾಣುತ್ತೇವೆ. ಗಂಟೆಗೆ 85 ಕಿ.ಮೀ. ವೇಗದ ಪ್ರಾಣಿ, ಒಮ್ಮೆ ಬೆದರಿ ಓಡಿತೆಂದರೆ ಆ ಹಿಂಡನ್ನು ಅವತ್ತಿಗೆ ಮರೆತುಬಿಡಬೇಕು. ಹಾಗಾಗಿ ನಾನೂ ಗೆಳೆಯನೂ ಕೆಲಸ ಹಂಚಿಕೊಂಡೇ ಹೊರಡುತ್ತೇವೆ: ಒಬ್ಬ ದೂರದಿಂದ ನೋಡಿ ಸನ್ನೆ ಮಾಡುತ್ತಾನೆ, ಇನ್ನೊಬ್ಬ ತೆವಳಿ ಹತ್ತಿರ ಹೋಗಿ ಹೊಡೆಯುತ್ತಾನೆ.

ಮೊದಲು ಕಾಗದಪತ್ರ. ಲೈಸೆನ್ಸ್ ಲಾಟರಿಯಲ್ಲಿ ಬರುತ್ತದೆ. 1966ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಬೇಕು. ನಮ್ಮವರಿಗೆ ಇನ್ನೊಂದು ಮಾತು: ಎಚ್‌-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಪರಾಧ, ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. (ರಾಣೆಬೆನ್ನೂರಿನ ಕೃಷ್ಣಮೃಗ ನೆನಪಾದೀತು. ಅದಕ್ಕೂ ಇದಕ್ಕೂ ನೆಂಟಸ್ತಿಕೆ ಕಡಿಮೆ, ಇದು ಜಿರಾಫೆಗೆ ಹತ್ತಿರ. ಊರಲ್ಲಿ ಕೃಷ್ಣಮೃಗಕ್ಕೆ ಗುರಿಯಿಟ್ಟರೆ 1972ರ ಕಾಯ್ದೆಯಡಿ ಜೈಲೇ.)

ಐ-80 ಹೆದ್ದಾರಿಯ ಎರಡೂ ಬದಿಗೆ ಹಳೆಯ ರೈಲ್ವೆ ಭೂದಾನದಿಂದಾಗಿ ಸರ್ಕಾರಿ ಜಾಗ, ಖಾಸಗಿ ಜಾಗ ಚದುರಂಗದ ಮಣೆಯ ಹಾಗೆ ಹರಡಿಕೊಂಡಿವೆ, ಒಂದೊಂದು ಮನೆ ಒಂದು ಚದರ ಮೈಲಿ. ಗಡಿ ತೋರಿಸುವ ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ರೈಫಲ್ 6.5 ಕ್ರೀಡ್‌ಮೂರ್ (ಅದು ಬಳಸುವ ತೋಟಾದ ಹೆಸರು), 200 ಗಜಕ್ಕೆ ಝೀರೋ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದು. 300 ಗಜದಲ್ಲಿ ಗುಂಡು ಸುಮಾರು 7 ಇಂಚು ಕೆಳಗಿಳಿಯುತ್ತದೆ. ಇಳಿತಕ್ಕೆ ಲೆಕ್ಕ ಹಾಕಬಹುದು, ಹೆದರಿಸುವುದು ಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಅದೇ ದೂರದಲ್ಲಿ ಗುಂಡನ್ನು 6 ಇಂಚಿನಷ್ಟು ಸರಿಸುತ್ತದೆ. ಹೃದಯ, ಶ್ವಾಸಕೋಶ ಇರುವ ಜಾಗವೇ 8 ಇಂಚು ಅಗಲ. ನಡುವಿಗೆ ಹಿಡಿದ ಗುರಿ ಕರುಳಿಗೆ ಬೀಳಲು ಅಷ್ಟು ಸಾಕು. ಆ ಬಯಲಲ್ಲಿ 10 ಮೈಲಿ ಗಾಳಿಯೆಂದರೆ ಮಂದಾನಿಲ! ಅದಕ್ಕೇ ಹೊಸಬರಿಗೆ 250 ಗಜದಾಚೆ ಬೇಡ ಎನ್ನುತ್ತೇನೆ. ಮಲಗಿ ಹೊಡೆಯುವಾಗ ರೈಫಲ್‌ಗೆ ಆಸರೆಯಾಗುವ ಗಿಡ್ಡ ಬೈಪಾಡ್ ಸೇಜ್‌ಬ್ರಷ್ ಪೊದೆಯ ಮೇಲೆ ಬರುವುದಿಲ್ಲ. ಕೂತು ಹೊಡೆಯುವ ಕೋಲುಗಳನ್ನು ತನ್ನಿ, ಅಭ್ಯಾಸವನ್ನೂ ಕೂತೇ ಮಾಡಿ.

ನೋಡುವವ ಟ್ರೈಪಾಡ್, ಸ್ಪಾಟಿಂಗ್ ಸ್ಕೋಪ್ (ಒಂಟಿ ಕಣ್ಣಿನ ದುರ್ಬೀನು) ಇಟ್ಟುಕೊಂಡು ಮುಕ್ಕಾಲು ಮೈಲಿ ಹಿಂದೆ ದಿಬ್ಬದ ಮೇಲೆ ಕೂರುತ್ತಾನೆ. ಬಿಸಿಲೇರಿದರೆ ನೆಲದ ಝಳದಲ್ಲಿ ಚಿತ್ರ ಕುಣಿಯುತ್ತದೆ. 60 ಪಟ್ಟು ಬಿಟ್ಟು 20ಕ್ಕೆ ಇಳಿಸಿದರೆ ಹೆಚ್ಚು ಕಾಣುತ್ತದೆ. ಗಂಡಿಗೆ ದವಡೆಯ ಬುಡದಲ್ಲಿ ಕಪ್ಪು ಮಚ್ಚೆಯಿದೆ, ಹೆಣ್ಣಿಗಿಲ್ಲ. ಕಿವಿ ಸುಮಾರು 6 ಇಂಚು. ಕೊಂಬು ಅದರ ಎರಡರಷ್ಟಿದ್ದು, ಕವಲು ಕಿವಿತುದಿಗಿಂತ ಮೇಲೆ ಒಡೆದಿದ್ದರೆ ಒಳ್ಳೆಯ ಗಂಡು.

ತೆವಳುವವ ಕೊರಕಲು ಹಿಡಿದು ಹೋಗುತ್ತಾನೆ. ಒಳಗಿಳಿದರೆ ಹಿಂಡು ಕಾಣದು, ಆಗ ಹಿಂದಿರುವವನ ಟೋಪಿಯೇ ಗತಿ: ಬಲಕ್ಕೆ ಚಾಚಿದರೆ ಹಿಂಡು ಬಲಕ್ಕೆ ಸರಿದಿದೆ, ತಲೆಯ ಮೇಲೆತ್ತಿದರೆ ನಿನ್ನನ್ನು ನೋಡುತ್ತಿದೆ, ಅಲ್ಲಾಡಬೇಡ. ಕಾನೂನು ಕೇಳುವ ಕಿತ್ತಳೆ ಬಣ್ಣವನ್ನು ತೆವಳುವವ ಜಾಕೆಟ್‌ನಲ್ಲಿ ತೊಡಲಿ, ಟೋಪಿಯಲ್ಲಿ ಬೇಡ. ದಿಬ್ಬದಾಚೆ ಮೊದಲು ಇಣುಕುವುದು ತಲೆ. ಇಣುಕುವುದೂ ದಿಬ್ಬದ ಬೋಳು ನೆತ್ತಿಯಿಂದಲ್ಲ, ಪೊದೆಯ ಪಕ್ಕದಿಂದ. ನೆಲದ ತುಂಬ ಪಾಪಾಸುಕಳ್ಳಿ. ಚರ್ಮದ ಗ್ಲೌಸ್, ಮಂಡಿ ಪ್ಯಾಡ್, ಒಂದು ಚಿಮಟ ಇಲ್ಲದೆ ತೆವಳುವ ಯೋಚನೆಯೇ ಬೇಡ.

ಪ್ರಾಣಿ ಬಿದ್ದ ಮೇಲೆ ಗಡಿಯಾರ ಓಡುತ್ತದೆ. ಸೆಪ್ಟೆಂಬರಿನಲ್ಲಿ 25 ಡಿಗ್ರಿ ದಾಟಬಹುದು, ಅದರ ಟೊಳ್ಳು ಕೂದಲು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಲೈಸೆನ್ಸಿನ ಕೂಪನ್‌ಗೆ ತಾರೀಕು ಹಾಕಿ, ಸಹಿ ಮಾಡಿ, ಕರುಳು ತೆಗೆದು, ತಕ್ಷಣ ಚರ್ಮ ಸುಲಿಯಿರಿ. ಚಾಕುವಿನ ಅಲಗು ಒಳಗಿನಿಂದ ಹೊರಕ್ಕೆ ಹೋಗಲಿ. ಹೊರಗಿನಿಂದ ಕೊಯ್ದರೆ ತುಂಡಾದ ಕೂದಲು ಮಾಂಸಕ್ಕೆ ಅಂಟಿ ತೊಳೆದರೂ ಬಿಡದು. ಒಬ್ಬ ಚರ್ಮ ಹಿಡಿದರೆ ಇನ್ನೊಬ್ಬ ಮಾಂಸ ಮಾತ್ರ ಮುಟ್ಟಬೇಕು. ತೊಡೆ, ಮುಂಗಾಲು, ಬೆನ್ನಪಟ್ಟಿಗಳನ್ನು ಬಟ್ಟೆಚೀಲಕ್ಕೆ ಹಾಕಿ ಐಸ್ ಪೆಟ್ಟಿಗೆಯಲ್ಲಿಡಿ, ಕರಗಿದ ನೀರಲ್ಲಿ ನೆನೆಯದಂತೆ ಕೆಳಗಿನ ತೂತು ತೆರೆದಿರಲಿ. ಮಾಂಸ ಸೇಜ್ ವಾಸನೆ ಹೊಡೆಯುತ್ತದೆ ಎಂದು ದೂರುವವರು ಬಹಳ. ಬಹುಪಾಲು ಅದು ಗಿಡದ ತಪ್ಪಲ್ಲ, ಪಿಕಪ್ ಹಿಂದೆ ಬಿಸಿಲಲ್ಲಿ ಕಳೆದ ಮಧ್ಯಾಹ್ನದ್ದು.

ಮೂಳೆ ಬಿಟ್ಟು 15 ಕಿಲೋ ಆಸುಪಾಸು ಸಿಗುತ್ತದೆ, ಕೊಬ್ಬು ತೀರಾ ಕಡಿಮೆ. ಬೆನ್ನಪಟ್ಟಿಯನ್ನು ಕಾದ ಕಾವಲಿಯಲ್ಲಿ ಎರಡೂ ಬದಿ ಕೆಂಪಾಗುವಷ್ಟೇ ಬಾಡಿಸಿ. ಮುಂಗಾಲಿನದು ಖೈಮಾ ಉಂಡೆಗೆ. ಕಿಲೋಗೆ 150 ಗ್ರಾಂ ಕುರಿ ಕೊಬ್ಬು ಸೇರಿಸದಿದ್ದರೆ ಉಂಡೆ ಸಾರಿನಲ್ಲಿ ಒಡೆದುಹೋಗುತ್ತದೆ.