ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿ ಕಾಣಿಸಬೇಕಾದರೆ

ಅಂಗಡಿ, ಖಾನಾವಳಿ, ಗ್ಯಾರೇಜ್ ನಡೆಸುವ ಎಲ್ಲರಿಗೂ ಒಂದು ಸಲಹೆ. ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಪುಟ, ಸರಿಪಡಿಸಿಕೊಳ್ಳಿ. ಅದು ಪೂರ್ತಿ ಉಚಿತ. ಹಣ ಕಟ್ಟಿದರೆ ಮೊದಲ ಸ್ಥಾನ ಕೊಡಿಸುತ್ತೇವೆ ಎಂದು ಯಾರಾದರೂ ಕರೆ ಮಾಡಿದರೆ ದಯವಿಟ್ಟು ನಂಬಬೇಡಿ. ಜಾಹೀರಾತಿನ ಜಾಗ ಬೇರೆ. ಸಹಜ ಹುಡುಕಾಟದ ಸ್ಥಾನವನ್ನು ಗೂಗಲ್ ಮಾರುವುದಿಲ್ಲ.

ಹುಡುಕಿದ ಪದಕ್ಕೆ ಹೊಂದಿಕೆ, ಗ್ರಾಹಕರಿಂದ ಇರುವ ದೂರ, ಅಂಗಡಿಯ ಹೆಸರುವಾಸಿ: ಮುಖ್ಯವಾಗಿ ಈ ಮೂರರ ಮೇಲೆ ಸ್ಥಾನ ನಿರ್ಧಾರವಾಗುತ್ತದೆ. ದೂರ ನಮ್ಮ ಕೈಯಲ್ಲಿಲ್ಲ. ಹೊಂದಿಕೆ ಖಂಡಿತ ಇದೆ, ಹೆಚ್ಚಿನವರು ಎಡವುವುದೂ ಅಲ್ಲಿಯೇ. ರವಿಕೆ ಹೊಲಿಯುವವರು ಮುಖ್ಯ ವರ್ಗದಲ್ಲಿ ‘ಬಟ್ಟೆ ಅಂಗಡಿ’ ಎಂದು ಆರಿಸಿದರೆ, ಹತ್ತಿರದ ಟೈಲರ್‌ಗಾಗಿ ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ. ವರ್ಗದಲ್ಲಿ ‘ಟೈಲರ್’ ಎಂದೇ ಇರಲಿ. ಸೇವೆಗಳ ಪಟ್ಟಿಯಲ್ಲಿ ರವಿಕೆ, ಫಾಲ್, ಸೀರೆ ಕುಚ್ಚು, ಎಲ್ಲವನ್ನೂ ಬಿಡಿಬಿಡಿಯಾಗಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಿರಿ.

ಹೆಸರು ಮಾತ್ರ ಬೋರ್ಡಿನಲ್ಲಿ ಇರುವಂತೆಯೇ ಇರಬೇಕು. ಅದಕ್ಕೆ ‘ಮೈಸೂರಿನ ಅತ್ಯುತ್ತಮ’ ಎಂಬ ಬಾಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು.

ವಿಮರ್ಶೆಗಳಿಗಾಗಿ ರಿಯಾಯಿತಿಯ ಆಸೆ ತೋರಿಸುವುದಕ್ಕೂ ಅವಕಾಶವಿಲ್ಲ. ಪ್ರೊಫೈಲಿನಲ್ಲಿಯೇ ಸಿಗುವ ಕ್ಯೂಆರ್ ಕೋಡ್ ಮುದ್ರಿಸಿ ಗಲ್ಲಾದ ಬಳಿ ಅಂಟಿಸಿ, ಬಂದ ಗ್ರಾಹಕರೆಲ್ಲರನ್ನೂ ಬಾಯಿಬಿಟ್ಟು ಕೇಳಿ. ದೂರು ಬರೆದವರಿಗೂ ಸಮಾಧಾನದಿಂದ ಉತ್ತರಿಸಿ. ಹೊಸ ಗ್ರಾಹಕರು ಅದನ್ನು ಓದುತ್ತಾರೆ.

ಗೌರಿ ಗಣೇಶ, ದೀಪಾವಳಿಗೆ ಬಾಗಿಲು ಹಾಕುವುದಿದ್ದರೆ ಪ್ರೊಫೈಲಿನ ‘ವಿಶೇಷ ಸಮಯ’ ಎಂಬ ಭಾಗದಲ್ಲಿ ಮೊದಲೇ ನಮೂದಿಸಿ. ‘ತೆರೆದಿದೆ’ ಎಂದು ನೋಡಿ ಬಂದು ಬೀಗ ಕಂಡವರು ಮತ್ತೆ ಬರುವುದು ಅಪರೂಪ.