ಸ್ಟೀರಿಯೋ ಹಾಗೇ ಇಟ್ಟು ಡೋರಿಗೆ ದುಡ್ಡು ಹಾಕಿದೆ

ಕಾರಿನ ಸೌಂಡ್ ಚೆನ್ನಾಗಿಲ್ಲ ಅಂತ ಯಾವ ಅಂಗಡಿಗೆ ಹೋದರೂ ಸಿಗುವ ಸಲಹೆ ಒಂದೇ. ‘ಸಾರ್, ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಕ್ರೀನ್ ಸ್ಟೀರಿಯೋ ಹಾಕ್ಸಿಬಿಡಿ, ಕ್ಯಾಮೆರಾ ಫ್ರೀ ಕೊಡ್ತೀನಿ.’ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನನಗೂ ಇದನ್ನೇ ಹೇಳಿದರು. ಮ್ಯಾಪ್ ನೋಡೋಕೆ, ರಿವರ್ಸ್ ತೆಗೆಯೋಕೆ ಸ್ಕ್ರೀನ್ ಬೇಕು ಅನ್ನೋರು ಹಾಕಿಸಿಕೊಳ್ಳಲಿ, ತಕರಾರಿಲ್ಲ. ಆದರೆ ಸೌಂಡಿಗೆ ಅಂತಲೇ ಎತ್ತಿಟ್ಟ ಹತ್ತು ಹನ್ನೆರಡು ಸಾವಿರವನ್ನು ಸ್ಕ್ರೀನಿಗೆ ಕೊಟ್ಟರೆ ಕೊನೆಗೆ ಉಳಿಯೋದು ಅದೇ ಹಳೇ ಸ್ಪೀಕರು, ಅದೇ ತಗಡಿನ ಡೋರು.

ನನ್ನದು 2014ರ ಸ್ವಿಫ್ಟ್. ಕಂಪನಿಯಿಂದಲೇ ಬಂದ ಸ್ಟೀರಿಯೋ. ಊರು ಕುಂದಾಪುರದ ಕಡೆ, ಹಾಗಾಗಿ ಬೆಂಗಳೂರಿನಿಂದ ಹೊರಟರೆ ದಾರಿಯುದ್ದಕ್ಕೂ ಯಕ್ಷಗಾನ. ಕಾರ್ ಸ್ಪೀಕರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಭಾಗವತರ ದನಿ ನಡುವೆ ನಿಲ್ಲಬೇಕು, ಮದ್ದಳೆ ಕೆಳಗಿನಿಂದ ಬರಬೇಕು, ಚೆಂಡೆ ಪೆಟ್ಟು ಚೂಪಾಗಿ ಬಿದ್ದು ತಕ್ಷಣ ನಿಲ್ಲಬೇಕು. ಕಂಪನಿ ಸ್ಪೀಕರಿನಲ್ಲಿ ಚೆಂಡೆ ಜೋರಾದ ಕೂಡಲೇ ಮದ್ದಳೆ ಮಾಯ, ಪದ್ಯದ ಸಾಹಿತ್ಯ ಅರ್ಧ ಮಾಯ, ಮೇಲಿಂದ ಡೋರಿನ ಒಳಹೊದಿಕೆ (ಡೋರ್ ಪ್ಯಾಡ್) ಬೇರೆ ಜರ್ರ್ ಅಂತ ತಾಳ ಹಾಕುತ್ತಿತ್ತು.

ಸ್ಟೀರಿಯೋ ಯಾಕೆ ಬದಲಿಸಲಿಲ್ಲ ಅಂದರೆ, ಡಬ್ಬದ ಮೇಲೆ ‘50 ವ್ಯಾಟ್ × 4’ ಅಂತ ಬರೆದಿರುತ್ತಾರಲ್ಲ, ಅದು ಒಂದು ಕ್ಷಣ ಮುಟ್ಟಬಹುದಾದ ಗರಿಷ್ಠದ ಲೆಕ್ಕ. 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಓಡುವ, ಸ್ಟೀರಿಯೋ ಒಳಗಿನ ಐಸಿ (ಸದ್ದು ಹೆಚ್ಚಿಸುವ ಚಿಪ್), 4 ಓಮ್ ಸ್ಪೀಕರಿಗೆ ಒಡಕಿಲ್ಲದೆ ಕೊಡೋದು ಹೆಚ್ಚು ಕಡಿಮೆ 15ರಿಂದ 20 ವ್ಯಾಟ್. ಅಗ್ಗದ ಆಂಡ್ರಾಯ್ಡ್ ಸೆಟ್ಟಿನ ಒಳಗೂ ಸಾಮಾನ್ಯವಾಗಿ ಇದೇ ಜಾತಿಯ ಐಸಿ ಇರುತ್ತೆ. ಈಕ್ವಲೈಸರ್ ಜಾಸ್ತಿ ಸಿಗುತ್ತೆ ನಿಜ, ವ್ಯಾಟ್ ಜಾಸ್ತಿ ಸಿಗಲ್ಲ.

ಇಷ್ಟೇ ಪವರ್ ಇದೆ ಅಂದಮೇಲೆ ಸ್ಪೀಕರ್ ಆರಿಸುವಾಗ ನೋಡಬೇಕಾದ್ದು ‘300 ವ್ಯಾಟ್ ಮ್ಯಾಕ್ಸ್’ ಅಲ್ಲ, ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರಿಗೆ ಎಷ್ಟು ಸದ್ದು ಬರುತ್ತೆ ಅನ್ನೋದು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಡಿಬಿ (ಡೆಸಿಬಲ್) ಲೆಕ್ಕದಲ್ಲಿ ಇರುತ್ತೆ. 3 ಡಿಬಿ ಜಾಸ್ತಿ ಅಂದರೆ ಅಷ್ಟೇ ಸದ್ದಿಗೆ ಅರ್ಧ ಪವರ್ ಸಾಕು. ಅಂದರೆ 88ರದ್ದಕ್ಕೆ 20 ವ್ಯಾಟ್ ಬೇಕಾದ ಕಡೆ 91ರದ್ದು 10 ವ್ಯಾಟಿನಲ್ಲೇ ಹಾಡುತ್ತೆ. ದೊಡ್ಡ ಮ್ಯಾಗ್ನೆಟ್ಟಿನ ಭಾರದ ಸ್ಪೀಕರ್ ನೋಡೋಕೆ ಚಂದ, ಆದರೆ ಬೇರೆ ಆಂಪ್ಲಿಫೈಯರ್ ಇಲ್ಲದೆ ಸುಮ್ನೆ ಕೂರಬಹುದು.

ನಾನು ತಗೊಂಡಿದ್ದು ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ (ಚೂಪು ದನಿಯ ಸಣ್ಣ ಟ್ವೀಟರ್, ಉಳಿದ ದನಿಯ ದೊಡ್ಡ ವೂಫರ್ ಬೇರೆ ಬೇರೆ), 4,500 ರೂಪಾಯಿ. ಎರಡೂ ಒಂದರಲ್ಲೇ ಇರುವ ಕೋಆಕ್ಸಿಯಲ್ ಇನ್ನೂ ಅಗ್ಗ, ಕೆಲಸವೂ ಸುಲಭ. ಆದರೆ ಅದರಲ್ಲಿ ಟ್ವೀಟರ್ ಕೂಡ ಡೋರಿನ ಕೆಳಗೇ ಇರೋದರಿಂದ ದನಿ ಮೊಣಕಾಲಿನ ಹತ್ತಿರದಿಂದ ಬರುತ್ತೆ. ಟ್ವೀಟರನ್ನು ಬೇರೆ ಮಾಡಿ ಕನ್ನಡಿ ಪಕ್ಕದ ತ್ರಿಕೋನದ ಹತ್ತಿರ ಕೂರಿಸಿದರೆ ಭಾಗವತರು ಡ್ಯಾಶ್‌ಬೋರ್ಡ್ ಮೇಲೆ ಕೂತು ಹಾಡಿದ ಹಾಗಾಗುತ್ತೆ. ಹಿಂದಿನ ಡೋರುಗಳನ್ನು ಮುಟ್ಟಲೇ ಇಲ್ಲ. ಹಿಂದೆ ಮಕ್ಕಳು ನಿದ್ದೆ ಮಾಡುತ್ತಾರೆ, ಸದ್ದನ್ನು ಮುಂದೆ-ಹಿಂದೆ ಹಂಚುವ ಫೇಡರ್ ಮುಂದಕ್ಕೆ ತಳ್ಳಿ ಬಿಟ್ಟಿದ್ದೇನೆ.

ಈಗ ಡೋರಿನ ವಿಷಯ. ಮನೆಯ ಸ್ಪೀಕರಿಗೆ ಮರದ ಡಬ್ಬ ಇರುತ್ತೆ. ಕಾರಿನಲ್ಲಿ ಡೋರೇ ಡಬ್ಬ, ಅದೂ ತೂತು ತೂತಾದ ತೆಳು ತಗಡು. ಸ್ಪೀಕರಿನ ಕೋನ್ (ಅದುರುವ ಬಟ್ಟಲಿನಂಥ ಭಾಗ) ಮುಂದೆ ಬಂದಾಗ ಅದರ ಹಿಂದಿನ ಗಾಳಿ ಆ ತೂತುಗಳಿಂದ ಸುತ್ತಿ ಬಂದು ಮುಂದಿನ ಸದ್ದನ್ನೇ ಅಳಿಸುತ್ತೆ, ಬಾಸ್ ಹೋಗೋದು ಹೀಗೆ. ಒಂದು ಭಾನುವಾರ ಮನೆ ಮುಂದೆಯೇ ಬಿಚ್ಚಿದೆ. ಒಳಗಿನ ಹ್ಯಾಂಡಲ್ ಹತ್ತಿರದ ಸ್ಕ್ರೂಗಳು ಬಿಚ್ಚಿದ ಮೇಲೆ ಡೋರ್ ಪ್ಯಾಡ್ ನಿಂತಿರೋದು ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪೇಂಟ್ ಕೆರೆಯುತ್ತೆ. ಪ್ಲಾಸ್ಟಿಕ್ ಮೀಟುಗೋಲು ನೂರಿನ್ನೂರಕ್ಕೆ ಸಿಗುತ್ತೆ. ಒಂದೆರಡು ಕ್ಲಿಪ್ ಮುರಿಯೋದು ಮಾಮೂಲಿ, ಮೊದಲೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ.

ಪ್ಯಾಡ್ ಹಿಂದೆ ಕಪ್ಪು ಅಂಟು ಹಚ್ಚಿದ ಪ್ಲಾಸ್ಟಿಕ್ ಹಾಳೆ ಕಾಣುತ್ತೆ. ಅದು ಪ್ಯಾಕಿಂಗ್ ಕವರ್ ಅಲ್ಲ. ಗಾಜಿನ ಸಂದಿಯಿಂದ ಡೋರಿನೊಳಗೆ ಮಳೆ ನೀರು ಇಳಿಯುತ್ತೆ, ಕೆಳಗಿನ ಸಣ್ಣ ಕಿಂಡಿಗಳಿಂದ ಹೊರಗೆ ಹೋಗುತ್ತೆ. ಆ ನೀರು ಕಾರಿನೊಳಗೆ ಬರದಂತೆ ತಡೆಯೋದೇ ಈ ಹಾಳೆ. ಹಾಗಾಗಿ ಹರಿಯದಂತೆ ನಿಧಾನವಾಗಿ ಬಿಡಿಸಿ, ಹೊರಗಿನ ತಗಡನ್ನು ಒಳಗಡೆಯಿಂದ ಸ್ಪಿರಿಟ್ ಹಾಕಿ ಒರೆಸಿ, ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಡೆಯುವ ರಬ್ಬರಿನಂಥ ಅಂಟುಹಾಳೆ) ಅಂಟಿಸಿದೆ. ತಗಡಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತೆ, ಗ್ಲೌಸ್ ಬೇಕೇ ಬೇಕು. ಇಡೀ ತಗಡು ಮುಚ್ಚಬೇಕಾಗಿಲ್ಲ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿ, ಡಣ್ ಅನ್ನೋ ಜಾಗಕ್ಕೆ ಹಾಕಿದರೆ ಅದು ಡಪ್ ಅನ್ನುತ್ತೆ, ಅಷ್ಟು ಸಾಕು. ರೋಲರಿನಿಂದ ಒತ್ತಿ ಉಜ್ಜಬೇಕು, ಗಾಳಿ ಉಳಿದರೆ ಬೇಸಿಗೆಯಲ್ಲಿ ಕಿತ್ತು ಬರುತ್ತೆ. ಕೆಳಗಿನ ನೀರಿನ ಕಿಂಡಿಗಳಿಗೆ ಮಾತ್ರ ಯಾವ ಕಾರಣಕ್ಕೂ ಅಂಟಿಸಬೇಡಿ. ಮುಚ್ಚಿದರೆ ನೀರು ಒಳಗೇ ನಿಂತು, ಕರಾವಳಿ ಮಳೆಗೆ ಡೋರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತೆ. ಆಮೇಲೆ ಒಳತಗಡಿನ ದೊಡ್ಡ ತೂತುಗಳನ್ನೂ ಅದೇ ಶೀಟಿನಿಂದ ಮುಚ್ಚಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ವಾಪಸ್ ಅಂಟಿಸಿದೆ. ಎರಡು ಡೋರಿಗೆ ಶೀಟಿನ ಖರ್ಚು 2,400.

ಹೊಸ ಸ್ಪೀಕರ್ ಕೂರೋಕೆ ಅದಕ್ಕೂ ಡೋರಿನ ತಗಡಿಗೂ ಮಧ್ಯೆ ರಿಂಗ್ ಬೇಕು. ಕೆಲವು ಕಡೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿ ಕೊಡುತ್ತಾರೆ. ಬೇಡ ಅನ್ನಿ, ನೀರು ಕುಡಿದು ಊದುತ್ತೆ. ಪ್ಲಾಸ್ಟಿಕ್ ರಿಂಗ್ ತಗೊಳ್ಳಿ, ರಿಂಗಿಗೂ ತಗಡಿಗೂ ನಡುವೆ ಫೋಮ್ ಪಟ್ಟಿ ಕೊಡಿ. ವೈರ್ ಕತ್ತರಿಸಬೇಡಿ, ಆ ಮಾಡೆಲ್ಲಿಗೆ ಹೊಂದುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಿಗುತ್ತೆ. ಕಾರು ಹೊಸದಾದರೆ ವಾರಂಟಿ ವಿಷಯದಲ್ಲಿ ಕತ್ತರಿಸಿದ ವೈರೇ ದೊಡ್ಡ ತಲೆನೋವು.

ಪ್ಲಸ್ ಮೈನಸ್ ಅನುಮಾನ ಇದ್ದರೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ವೈರಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಇರುವುದೇ ಸ್ಪೀಕರಿನ ಪ್ಲಸ್. ಎಡ-ಬಲದಲ್ಲಿ ಒಂದು ಸರಿ, ಇನ್ನೊಂದು ಉಲ್ಟಾ ಆದರೆ ಎಷ್ಟೇ ದುಬಾರಿ ಸ್ಪೀಕರಾದರೂ ಬಾಸ್ ಬರಲ್ಲ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ.

ಕೆಲವು ತಿಂಗಳು ಇಷ್ಟರಲ್ಲೇ ಓಡಿಸಿದೆ. ಮದ್ದಳೆ ಬಂತು, ಪದ್ಯ ಸ್ಪಷ್ಟವಾಯಿತು. ಇಷ್ಟಕ್ಕೇ ನಿಲ್ಲಿಸಿದರೂ ನಡೆಯುತ್ತೆ. ನಾನು ಮಾತ್ರ ಆಸೆಗೆ ಬಿದ್ದು ಸೀಟಿನ ಕೆಳಗೆ ಇಡುವ ಆಂಪ್ಲಿಫೈಯರ್ ಸಮೇತದ ಸಬ್‌ವೂಫರ್ (ಬಾಸಿಗೆ ಅಂತಲೇ ಇರುವ ಸ್ಪೀಕರ್) ಒಂದನ್ನು ಸೆಕೆಂಡ್ ಹ್ಯಾಂಡ್ 4,500ಕ್ಕೆ ತಂದೆ. ಇದಕ್ಕೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಕೊಡಬಹುದು, ಸ್ಟೀರಿಯೋ ಬದಲಿಸುವ ಪ್ರಶ್ನೆಯೇ ಇಲ್ಲ. ಪವರ್ ಮಾತ್ರ ನೇರ ಬ್ಯಾಟರಿಯಿಂದ ಎಳೆಯಬೇಕು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇರೋದು ಸಬ್ಬಿನ ರಕ್ಷಣೆಗಲ್ಲ, ವೈರ್ ಎಲ್ಲೋ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಕಾರಿಗೆ ಬೆಂಕಿ ಬೀಳದಿರಲಿ ಅಂತ. ಅರ್ತ್ ವೈರನ್ನು ಪೇಂಟ್ ಕೆರೆದ ಬರಿ ತಗಡಿಗೆ ಬಿಗಿಯಬೇಕು.

ಸಬ್ ಬಂದಮೇಲೆ ಡೋರ್ ಸ್ಪೀಕರಿಗೆ ಕೆಳಗಿನ ಬಾಸ್ ಹೊರಿಸುವ ಅಗತ್ಯ ಇಲ್ಲ. ಕಂಪನಿ ಸ್ಟೀರಿಯೋದಲ್ಲಿ ಅದನ್ನು ತಡೆಯುವ ಫಿಲ್ಟರ್ ಇರಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ 220 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ತಂದು, ಎರಡೆರಡನ್ನು ಪ್ಯಾರಲಲ್ ಆಗಿ ಸೇರಿಸಿ ಪ್ರತಿ ವೂಫರಿನ ಪ್ಲಸ್ ವೈರಿಗೆ ಸರಣಿಯಲ್ಲಿ ಹಾಕಿದೆ. 4 ಓಮ್‌ಗೆ ಇದು ಸುಮಾರು 90 ಹರ್ಟ್ಸ್‌ನಿಂದ ಕೆಳಗಿನದನ್ನು ಮೆಲ್ಲಗೆ ಇಳಿಸುತ್ತೆ. ನೂರು ರೂಪಾಯಿ ಚಿಲ್ಲರೆಯ ಕೆಲಸ, ಆದರೆ ವಾಲ್ಯೂಮ್ ಇನ್ನೂ ನಾಲ್ಕು ಗೆರೆ ಏರಿಸಿದರೂ ಒಡಕಿಲ್ಲ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತಂದುಬಿಟ್ಟೆ.

ರಿಂಗು, ಕಪ್ಲರು, ವೈರು ಎಲ್ಲ ಸೇರಿ ಒಟ್ಟು 12,500ರ ಆಸುಪಾಸು. ಕೈಯಲ್ಲಿ ಮಾಡೋಕೆ ಆಗಲ್ಲ ಅನ್ನೋರು ಸ್ಪೀಕರನ್ನು ಬೇರೆ ಕಡೆ ತಗೊಂಡು ಫಿಟಿಂಗಿಗೆ ಮಾತ್ರ ಅಂಗಡಿಗೆ ಹೋಗಬಹುದು. ರೇಟ್ ಮೊದಲೇ ಮಾತಾಡಿ. ಪ್ಯಾಡ್ ಮುಚ್ಚೋಕೆ ಮುಂಚೆ ನನ್ನನ್ನು ಕರೀರಿ ಅಂತ ಹೇಳಿ, ಪ್ಲಾಸ್ಟಿಕ್ ಹಾಳೆ ವಾಪಸ್ ಕೂತಿದೆಯಾ, ಕೆಳಗಿನ ಕಿಂಡಿ ತೆರೆದಿದೆಯಾ, ಗಾಜು ಪೂರ್ತಿ ಇಳಿಸಿದಾಗ ಸ್ಪೀಕರಿನ ಮ್ಯಾಗ್ನೆಟ್ಟಿಗೆ ತಾಗುತ್ತಾ, ಇಷ್ಟನ್ನು ನೀವೇ ನೋಡಿ. ಹೊರಡುವಾಗ ಬಿಚ್ಚಿದ ಹಳೇ ಸ್ಪೀಕರ್‌ಗಳನ್ನು ಕೇಳಿ ಇಸ್ಕೊಳ್ಳಿ, ಕಾರ್ ಮಾರುವಾಗ ವಾಪಸ್ ಹಾಕೋಕೆ ಬೇಕಾಗುತ್ತೆ.