ಎಣ್ಣೆ ಮಿನುಗುವ ಮುಖದಲ್ಲಿ ನೀರಿನ ಕೊರತೆ

ಮೂಗು, ಹಣೆ ಎಣ್ಣೆಯಿಂದ ಮಿನುಗುತ್ತವೆ. ನಕ್ಕರೆ ಕೆನ್ನೆ ಬಿಗಿಯುತ್ತದೆ. ವಿಜಯಪುರದಲ್ಲಿ ನಾನು ನಡೆಸುವ ಪುಟ್ಟ ಬ್ಯೂಟಿ ಪಾರ್ಲರ್‌ನಲ್ಲಿ ಚಳಿ ಶುರುವಾದರೆ ಸಾಕು, ಇದೇ ದೂರು. “ನನ್ನದು ಎಣ್ಣೆ ಚರ್ಮ ಅಕ್ಕ, ಅದು ಹೇಗೆ ಒಣಗುತ್ತದೆ?” ಎಂದು ಕೇಳುತ್ತಾರೆ. ಜಿಡ್ಡು ಬೇರೆ, ನೀರು ಬೇರೆ. ಒಣಚರ್ಮದವರಿಗೆ ಜಿಡ್ಡೇ ಕಡಿಮೆ, ಅದು ಬಹುಮಟ್ಟಿಗೆ ಹುಟ್ಟುಗುಣ. ನೀರು ಕಳೆದುಕೊಳ್ಳುವುದು ಯಾವ ಚರ್ಮಕ್ಕಾದರೂ ಬರಬಹುದು, ಆರೈಕೆ ಮಾಡಿದರೆ ಹೋಗಲೂಬಹುದು.

ನನಗೂ ಬಂದಿತ್ತು. ತವರು ಕುಂದಾಪುರ, ಅಲ್ಲಿಯ ಕಡಲಗಾಳಿಯಲ್ಲಿ ಬೆವರೇ ಆರುವುದಿಲ್ಲ. ಮದುವೆಯಾಗಿ ಈ ಬಯಲುಸೀಮೆಗೆ ಬಂದ ಮೊದಲ ಚಳಿಗಾಲದಲ್ಲೇ, ಮೊಡವೆಗಳಿದ್ದ ನನ್ನ ಮುಖದಲ್ಲಿ ಮೊಡವೆಯ ಸುತ್ತ ಸಿಪ್ಪೆ ಏಳತೊಡಗಿತು.

ಗುರುತಿಸಲು ನಾನು ಮಾಡುವುದು ಇಷ್ಟೇ. ಬರೀ ನೀರಿನಲ್ಲಿ ಮುಖ ತೊಳೆಸಿ, ಏನನ್ನೂ ಹಚ್ಚದೆ ಅರ್ಧ ಗಂಟೆ ಕೂರಿಸುತ್ತೇನೆ. ಆಮೇಲೆ ಕಿಟಕಿಯ ಬೆಳಕಿನಲ್ಲಿ (ಟ್ಯೂಬ್‌ಲೈಟ್ ಎಲ್ಲವನ್ನೂ ಮುಚ್ಚಿಬಿಡುತ್ತದೆ) ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಒತ್ತುತ್ತೇನೆ. ಹಾಲಿನ ಕೆನೆ ಮುದುಡಿದಂತೆ ತೆಳು ಗೆರೆಗಳೆದ್ದರೆ ನನಗೆ ಅನುಮಾನ ಬರುತ್ತದೆ. ಕ್ರೀಮ್ ಹಚ್ಚಿದ ಮೇಲೆ ಅವು ಮಸುಕಾಗುತ್ತವೆ. ವಯಸ್ಸಿನ ಸುಕ್ಕು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಇಷ್ಟು ದಿನ ಒಗ್ಗಿದ್ದ ಕ್ರೀಮ್ ಈಗ ಉರಿಯುತ್ತಿದೆಯೇ, ಫೌಂಡೇಶನ್ ತೇಪೆತೇಪೆಯಾಗಿ ಕೂರುತ್ತಿದೆಯೇ ಎಂದೂ ಕೇಳುತ್ತೇನೆ. ಮುಂಗೈ ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆ ಮೊಬೈಲ್‌ನಲ್ಲಿ ಓಡಾಡುತ್ತಿದೆ. ಅದು ವಾಂತಿ ಭೇದಿಯಾದಾಗ ದೇಹದ ನೀರನ್ನು ಅಂದಾಜು ಮಾಡಲು ಇರುವುದು, ಮುಖದ ಬಿಗಿತಕ್ಕಲ್ಲ.

ಮುಖಕ್ಕೆಂದು ಲೀಟರ್‌ಗಟ್ಟಲೆ ನೀರು ಕುಡಿಯುವವರೂ ಇದ್ದಾರೆ. ಬಾಯಾರಿದಾಗ ಕುಡಿಯಲೇಬೇಕು, ಆದರೆ ಸೋರಿಕೆ ಇರುವುದು ಹೊರಪದರದಲ್ಲಿ. ಅಲ್ಲಿಯ ಸತ್ತ ಕೋಶಗಳ ನಡುವೆ ಸೆರಮೈಡ್ (ಚರ್ಮದ್ದೇ ಒಂದು ಬಗೆಯ ಕೊಬ್ಬು), ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ಗಾರೆ ಇದೆ. ಅದು ಕೆಟ್ಟರೆ ಒಳಗಿನ ತೇವ ಆವಿಯಾಗುತ್ತಲೇ ಇರುತ್ತದೆ. ಕುದಿಬಿಸಿ ನೀರು, ದಿನಾ ಸ್ಕ್ರಬ್, ನಿಂಬೆರಸ, ಮುಲ್ತಾನಿ ಮಿಟ್ಟಿ ಎಲ್ಲವೂ ಅದನ್ನು ಕೆಡಿಸಬಲ್ಲವು. ಸೋಪೂ ಅಷ್ಟೇ: ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಸುಮಾರು 5, ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10. ಇನ್ನು ಗಾಳಿಯ ವಿಷಯಕ್ಕೆ ಬಂದರೆ, ನಮ್ಮೂರಿನ ನೀರಿನ ಕೂಲರ್ ಪಾಪದ್ದು, ತೇವ ಕೊಡುತ್ತದೆ. ಏಸಿ ಇದ್ದ ತೇವವನ್ನೂ ಹೀರುತ್ತದೆ.

ಹಾಗಾಗಿ ಹಚ್ಚುವುದಕ್ಕಿಂತ ಮೊದಲು ಬಿಡಿಸುವ ಕೆಲಸ. ನಾನು ಸ್ಕ್ರಬ್ ಬಿಟ್ಟೆ, ಮೊಡವೆಯ ಸ್ಯಾಲಿಸಿಲಿಕ್ ಆಮ್ಲವನ್ನೂ ಉರಿ ತಗ್ಗುವವರೆಗೆ ದೂರವಿಟ್ಟೆ. ಬೆಳಿಗ್ಗೆ ಬರೀ ನೀರು, ರಾತ್ರಿ ಮಾತ್ರ ಸೌಮ್ಯವಾದ ಫೇಸ್‌ವಾಶ್. ಮುಖವನ್ನು ಉಜ್ಜದೆ ಹತ್ತಿಬಟ್ಟೆಯಿಂದ ಒತ್ತಿ, ಪಸೆ ಆರುವ ಮುಂಚೆಯೇ ಗ್ಲಿಸರಿನ್ ಮತ್ತು ಸೆರಮೈಡ್ ಇರುವ ಲೋಶನ್. ಔಷಧದ ಅಂಗಡಿಯ ಗ್ಲಿಸರಿನ್ನನ್ನು ನೀರು ಬೆರೆಸದೆ ಬಳಿದುಕೊಳ್ಳುವವರಿದ್ದಾರೆ. ಈ ಒಣಹವೆಯಲ್ಲಿ ಅದು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆಳೆಯುತ್ತದೆ, ಮೇಲೊಂದು ಮುಚ್ಚಳ ಬೇಕು. ರಾತ್ರಿ ಎರಡು ಕೆನ್ನೆಗೆ ಸೇರಿ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ಸಾಕು. ಮೂಗಿಗೆ, ಹಣೆಗೆ ಬೇಡ. ಯೂರಿಯಾ ಇರುವ ಕ್ರೀಮ್ ಒಡೆದ ಹಿಮ್ಮಡಿಗೆ ಒಳ್ಳೆಯದು, ಉರಿಯುವ ಮುಖಕ್ಕಲ್ಲ. ತೆಂಗಿನೆಣ್ಣೆಯನ್ನು ಕೈಕಾಲಿಗೆ ಹಚ್ಚುತ್ತೇನೆ, ಮೊಡವೆಯ ಮುಖಕ್ಕೆ ಸೋಕಿಸುವುದಿಲ್ಲ. ಅಮ್ಮ ಫೋನಿನಲ್ಲಿ ಕೇಳಿದರೆ “ಹಚ್ಚಿದ್ದೇನೆ” ಎನ್ನುತ್ತೇನೆ. ಎಲ್ಲಿಗೆ ಎಂದು ಅವರು ಕೇಳುವುದಿಲ್ಲ.

ಮೊದಲು ಉರಿ ತಗ್ಗುತ್ತದೆ, ಆಮೇಲೆ ಸಿಪ್ಪೆ, ಕೊನೆಗೆ ಆ ಗೆರೆಗಳು. ಕೆಲವು ವಾರಗಳಾದರೂ ಬೇಕು. ಎಣ್ಣೆಯೂ ಕಡಿಮೆಯಾಗಲಿ ಎಂದು ಕಾಯಬೇಡಿ, ಅದು ಬಹುಮಟ್ಟಿಗೆ ಹಾರ್ಮೋನುಗಳ ಲೆಕ್ಕ.

ಮದುವೆಯ ದಿನಗಳಲ್ಲಿ ಬ್ಲೀಚ್ ಕೇಳಿಕೊಂಡು ಬಂದವರ ಕೆನ್ನೆಯಲ್ಲಿ ಈ ಗೆರೆ ಕಂಡರೆ ನಾನು ಮಾಡುವುದಿಲ್ಲ. ಕೆಲವರು ಸಿಟ್ಟಾಗಿ ಬೇರೆ ಪಾರ್ಲರ್‌ಗೆ ಹೋಗುತ್ತಾರೆ, ಹೋಗಲಿ. ಕೆಂಪಗೆ ಬಿರಿದು ನೀರೊಸರುವ, ರಾತ್ರಿ ನಿದ್ದೆಗೆಡಿಸುವಷ್ಟು ತುರಿಸುವ ಚರ್ಮವನ್ನು ನಾನು ಮುಟ್ಟುವುದೇ ಇಲ್ಲ. ಚರ್ಮವೈದ್ಯರ ಬಳಿಗೆ ಕಳುಹಿಸುತ್ತೇನೆ. ಮೈಯೆಲ್ಲ ಒಣಗಿ, ಜೊತೆಗೆ ಸುಸ್ತು, ಕೂದಲುದುರುವುದು, ಕಾರಣವಿಲ್ಲದೆ ತೂಕ ಏರುವುದು ಇದೆ ಎಂದವರಿಗೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲು ಹೇಳುತ್ತೇನೆ.